ಮೇಜಿನ ಮೇಲೆ ಒಬ್ಬರದೇ ಬಟ್ಟೆ

ನನ್ನ ಕೈಗೆ ಕತ್ತರಿ ಕೊಟ್ಟ ಉಸ್ತಾದರೇ,

ಸವಣೂರಿನ ನಿಮ್ಮ ಅಂಗಡಿಯಲ್ಲಿ ಹೊಲಿಗೆ ಕಲಿಯಲು ಕುಳಿತ ಮೊದಲ ದಿನವೇ ನೀವು ನನ್ನ ಮುಂದಿದ್ದ ಬಟ್ಟೆಯ ಗಂಟುಗಳನ್ನೆಲ್ಲ ಎತ್ತಿ ಒಳಗಿಟ್ಟು, ಮೇಲೊಂದು ಚಾದರ ಹೊದಿಸಿದಿರಿ. ಮೇಜಿನ ಮೇಲೆ ಉಳಿದದ್ದು ಒಂದೇ ಲಂಗದ ಬಟ್ಟೆ. "ಗಿರಿಜವ್ವ, ಒಬ್ಬರ ಅರಿವಿ ಹೊಲಿ. ಊರಮಂದೀದೆಲ್ಲ ಒಮ್ಮೆಲೇ ಹೊಲೀಬ್ಯಾಡ" ಎಂದಿರಿ. ಮುದುಕರಿಗೆ ಕೆಲಸ ಕಡಿಮೆ, ಮಾತು ಜಾಸ್ತಿ ಅಂತ ನಾನು ಒಳಗೊಳಗೇ ನಕ್ಕಿದ್ದೆ. ನಿಮಗೆ ಗೊತ್ತಾಗಿತ್ತೇ?

ನೀವು ತೀರಿಹೋದ ಮೇಲೆ ಬಂದ ಮದುವೆ ಹಂಗಾಮು ನೋಡಬೇಕಿತ್ತು. ಹಿರೇಕೆರೂರಿನ ನನ್ನ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕತ್ತರಿ ಒಂದು ಬಟ್ಟೆಯ ಮೇಲೆ, ಕಣ್ಣು ಇನ್ನೊಂದರ ಮೇಲೆ, ಕಿವಿಯಲ್ಲಿ ಫೋನು. ತಿಳವಳ್ಳಿಯ ಮದುಮಗಳೊಬ್ಬಳ ಜರಿ ಜಂಪರಿಗೆ ಎರಡೂ ತೋಳು ಎಡಗೈಯವೇ ಕತ್ತರಿಸಿಬಿಟ್ಟೆ! ಸೀರೆಯ ಜೊತೆಗೇ ಬಂದ ಬಟ್ಟೆ, ಬೇರೆ ಕಡೆ ಸಿಗುವಂಥದ್ದಲ್ಲ. ಮದುವೆಗೆ ಎರಡೇ ದಿನ. ಅಂಗಡಿಗೆ ಬೀಗ ಜಡಿದು ಮನೆ ಸೇರೋಣ, ಈ ಕೆಲಸವೇ ಸಾಕು ಅಂತ...

ಬೀಗ ಹುಡುಕುವಾಗ ನೀವು ನೆನಪಾದಿರಿ. ಗಂಟುಗಳನ್ನೆಲ್ಲ ಮೂಲೆಗೆ ಸರಿಸಿ ಚಾದರ ಹೊದಿಸಿದೆ. ಫೋನನ್ನೂ ಅದರಡಿಗೇ ತುರುಕಿದೆ. ಮೇಜಿನ ಮೇಲೆ ಆ ಒಂದು ತೋಳು. ಅಳೆದೆ, ಗುರುತು ಹಾಕಿದೆ, ಬಲಗೈಗೆ ಹೊಂದುವಂತೆ ಮತ್ತೆ ಕತ್ತರಿಸಿ, ಉಳಿದ ಚೂರಿನಿಂದ ಕಂಕುಳಲ್ಲಿ ತುಂಡು ಕೂಡಿಸಿದೆ. ಗಾಬರಿ ಯಾವಾಗ ಇಳಿಯಿತೋ ತಿಳಿಯಲೇ ಇಲ್ಲ. ಮದುಮಗಳಿಗೆ ಮುಚ್ಚಿಡದೆ ಹೇಳಿದೆ. ಅವಳು ಕನ್ನಡಿ ಮುಂದೆ ಕೈ ಎತ್ತಿ, "ಕಂಕುಳಾಗ ಇಣುಕಿ ನೋಡಾಕ ಯಾರ್ ಬರ್ತಾರ ಬಿಡ್ರಿ ಅಕ್ಕಾರ" ಎಂದು ನಕ್ಕಳು. ಈಗ ದಿನವೂ ಹೀಗೇ, ಮೇಜಿನ ಮೇಲೆ ಒಬ್ಬರದೇ ಬಟ್ಟೆ. ಕೆಲಸ ಅಷ್ಟೇ ಇದೆ, ಆ ಗಾಬರಿ ಮಾತ್ರ ಇಲ್ಲ.

ಆದರೆ ಒಂದು ಸಂಗತಿ ಒಳಗೇ ಚುಚ್ಚುತ್ತಿತ್ತು. ನೀವು ಹಾಸಿಗೆ ಹಿಡಿದಾಗ ನೋಡಲು ಬಂದಿದ್ದೆನಲ್ಲ, ಆಗಲೂ ಗಿರಾಕಿಯೊಬ್ಬರ ಜೊತೆ ಫೋನಿನಲ್ಲೇ ಇದ್ದೆ. ನೀವು ಏನೋ ಹೇಳಿದಿರಿ. ಕಿವಿಗೆ ಹಾಕಿಕೊಳ್ಳದೆ "ಹೂಂ" ಎಂದೆ. ನನಗೆ ನಿಮ್ಮ ಕೊನೆಯ ಮಾತು ಅದೇ ಆಯಿತು. ಏನಾದರೂ ಜವಾಬ್ದಾರಿ ಒಪ್ಪಿಸಿದಿರಾ? ಬೈದಿರಾ? ಅಥವಾ...

ಹೋದ ಶುಕ್ರವಾರ ಧೈರ್ಯ ಮಾಡಿ ನಿಮ್ಮ ಮನೆಗೆ ಹೋಗಿ, ಅಂದು ನಿಮ್ಮ ಪಕ್ಕದಲ್ಲೇ ಇದ್ದ ನಿಮ್ಮ ಹೆಂಡತಿ ಚಾಚಿಯನ್ನೇ ಕೇಳಿದೆ. "ಚಾ ಆರಾಕತ್ತೈತಿ, ಕುಡಿಯವ್ವ ಅಂದಿದ್ರು. ನೀ ಹೂಂ ಅಂದಿ, ಹಂಗ ಬಿಟ್ಟು ಎದ್ದು ಹೋದಿ" ಎಂದರು.

ಅಷ್ಟೇನಾ ಉಸ್ತಾದರೇ? ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಚಾಚಿ ಒಲೆ ಹಚ್ಚಿ ಚಹಾಕ್ಕಿಟ್ಟರು. ಫೋನನ್ನು ಹಿರೇಕೆರೂರಿನಲ್ಲೇ ಬಿಟ್ಟು ಬಂದಿದ್ದೆ. ನೀವು ಮಲಗುತ್ತಿದ್ದ ಮಂಚದ ಪಕ್ಕ ಕುಳಿತು, ಕೊನೆಯ ಗುಟುಕಿನವರೆಗೂ ಬಿಸಿಯಾಗಿಯೇ ಕುಡಿದೆ.

ನಿಮ್ಮ ಗಿರಿಜಾ