ಹೋಗುವ ಗುರುತು, ಬರುವ ಗುರುತು

ಭಾನುವಾರ, ಮಾರ್ಚ್ ಒಂಬತ್ತು

ಪ್ರೀತಿಯ ಅತ್ತೆಗೆ,

ನಿಮ್ಮ ಸೊಸೆಯ ನಮಸ್ಕಾರ. ನಿಮ್ಮ ಕಾಗದ ಬಂದು ಎಷ್ಟೋ ದಿನವಾಯಿತು. ಟೀ ಡಬ್ಬಕ್ಕೆ ಒರಗಿಸಿಟ್ಟುಕೊಂಡು ದಿನಾ ಬೆಳಿಗ್ಗೆ ಅದರ ಮುಖ ನೋಡುತ್ತಿದ್ದೆ, ಉತ್ತರ ಮಾತ್ರ ಬರೆಯಲಾಗಲಿಲ್ಲ. ಮೊದಲ ಸಾಲಿನಲ್ಲೇ ‘ಮಗಳೇ’ ಅಂತ ಬರೆದಿರುತ್ತೀರಲ್ಲ, ಅಲ್ಲಿಂದ ಮುಂದೆ ಕಣ್ಣು ಹೋಗುವುದೇ ಇಲ್ಲ. ಹೆತ್ತವಳನ್ನು ಕಳೆದುಕೊಂಡ ಮೇಲೆ ನನ್ನನ್ನು ಹಾಗೆ ಕರೆಯುವವರು ನೀವೊಬ್ಬರೇ. ತಡಮಾಡಿದ್ದಕ್ಕೆ ಬೈಯುವುದಿದ್ದರೆ ಚೆನ್ನಾಗಿ ಬೈದುಬಿಡಿ.

ಕಣ್ಣಿನ ಆಪರೇಷನ್ ಚೆನ್ನಾಗಿ ಆಯಿತೆಂದು ನಾದಿನಿ ಫೋನಿನಲ್ಲಿ ಹೇಳಿದಳು. ನಿಮಗೆ ಫೋನಿನ ಮಾತು ಕಿವಿಗೆ ಬೀಳುವುದಿಲ್ಲ, ಪಟ್ಟಿ ಬಿಚ್ಚುವವರೆಗೆ ಓದುವಂತೆಯೂ ಇಲ್ಲ. ಹಾಗಾಗಿ ಈ ಕಾಗದವನ್ನು ನಿಮ್ಮ ಮೊಮ್ಮಗಳು ಚಿನಕುರುಳಿ ಓದಿ ಹೇಳುತ್ತಾಳಂತೆ. ಏ ಚಿನಕುರುಳಿ, ನಿಧಾನವಾಗಿ ಓದು, ನಿನ್ನದನ್ನು ಸೇರಿಸಬೇಡ. ಕೊನೆಯಲ್ಲಿ ಮಡಚಿ ಅಂಟಿಸಿದ ಹಾಳೆಯೊಂದಿದೆ. ಅದನ್ನು ನೀನು ಬಿಚ್ಚಕೂಡದು. ಪಟ್ಟಿ ತೆಗೆದ ಮೇಲೆ ಅಜ್ಜಿ ತಾವೇ ಓದಲಿ.

ಚಿನಕುರುಳಿಗೆ ನಮ್ಮ ಕೆಲಸ ಏನೆಂದು ಸರಿಯಾಗಿ ಗೊತ್ತಿಲ್ಲ, ಸ್ವಲ್ಪ ಬಿಡಿಸಿ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಪುಟ್ಟೀ, ಬೆಟ್ಟ ಹತ್ತಲು ಬರುವವರು ದಾರಿ ತಪ್ಪದಿರಲಿ ಎಂದು ಮರಗಳಿಗೂ ಬಂಡೆಗಳಿಗೂ ಹಳದಿ ಪಟ್ಟೆ ಬಳಿಯುವುದು ನಿನ್ನ ಮಾವನ ಕೆಲಸ, ನನ್ನ ಕೆಲಸ. ಒಂದೊಂದು ಬಂಡೆಗೂ ಎರಡು ಪಟ್ಟೆ ಬೇಕು. ಕೆಳಗಿನ ಮಗ್ಗುಲಿನದು ಹತ್ತುವವರಿಗೆ ಕಾಣುತ್ತದೆ, ಅದು ಹೋಗುವ ಗುರುತು. ಮೇಲಿನ ಮಗ್ಗುಲಿನದು ಇಳಿಯುವವರಿಗೆ ಕಾಣುತ್ತದೆ, ಅದು ಬರುವ ಗುರುತು. ಮದುವೆಯಾದಂದಿನಿಂದ ಹೋಗುವ ಗುರುತು ಇವರದು, ಬರುವ ಗುರುತು ನನ್ನದು. ನಡುವೆ ಬಂಡೆಯಿದ್ದರೂ ಮಾತು ನಿಲ್ಲುತ್ತಿರಲಿಲ್ಲ. “ಮುಗೀತೇನೇ?” ಎಂದು ಆ ಕಡೆಯಿಂದ ಕೂಗುವರು. “ನಿಮ್ ಥರ ಸುರಿದುಬಿಡೋದಾದ್ರೆ ಯಾವಾಗ್ಲೋ ಮುಗೀತಿತ್ತು” ಎಂದು ನಾನು ಈ ಕಡೆಯಿಂದ. ಇವರ ಪಟ್ಟೆಯ ಕೆಳಗೆ ಯಾವಾಗಲೂ ಒಂದು ಹನಿ ಇಳಿದಿರುತ್ತಿತ್ತು. ಅದನ್ನು ನೋಡಿಯೇ ಇದು ಇವರ ಕೈ ಎಂದು ಯಾರಾದರೂ ಹೇಳಬಹುದಿತ್ತು.

ಹೋದ ಬೇಸಿಗೆಯಲ್ಲಿ ಇವರು ಮುನಿಸಿಕೊಂಡು ಮನೆ ಬಿಟ್ಟರಲ್ಲ, ಆಗ ನೀವು ಇಲ್ಲಿಗೆ ಬಂದು ನನ್ನ ಕೈ ಹಿಡಿದುಕೊಂಡು, “ಅವನ ಪಾಲಿನ ಕೆಲ್ಸ ನೀನು ಮುಟ್ಟಬೇಡ ಕಣೇ. ತನ್ ಕೆಲ್ಸ ಹಾಗೇ ಬಿದ್ದಿದೆ ಅಂತ ಗೊತ್ತಾದ್ರೆ ಬಂದೇ ಬರ್ತಾನೆ. ಹೆತ್ತೋಳು ನಾನು, ನಂಗೊತ್ತಿಲ್ವಾ?” ಎಂದಿರಿ. ನಾನೂ ಆ ಮಾತಿಗೆ ಜೋತುಬಿದ್ದೆ. ಕಾಡಿನ ಅಂಚಿನಿಂದ ಗವಿಗಳವರೆಗೆ, ಗವಿಗಳಿಂದ ಹಳೆಯ ಗೋರಿಗಳವರೆಗೆ ಬರುವ ಗುರುತುಗಳನ್ನಷ್ಟೇ ಹೊಸದು ಮಾಡಿಕೊಂಡು ಬಂದೆ. ಮಳೆ ಬಂತು, ಹೋಯಿತು. ಇವರ ಪಟ್ಟೆಗಳ ಮೇಲೆ ಪಾಚಿ ಕಟ್ಟಿತು. ನಾನು ಉಜ್ಜಲೂ ಇಲ್ಲ. ಇಂಥ ದಡ್ಡತನ ಮಾಡಲು ನಮ್ಮಂಥ ಅತ್ತೆ-ಸೊಸೆಯೇ ಆಗಬೇಕು.

ಅದರ ಫಲ ಕೇಳಿ. ಹೋದ ವಾರ ಒಬ್ಬ ದರ್ಜಿ ಹೆಂಡತಿಯನ್ನು ಕರೆದುಕೊಂಡು ಗೋರಿಗಳನ್ನು ನೋಡಲು ಬಂದಿದ್ದ. ಗವಿಗಳ ಹತ್ತಿರ ದಾರಿ ಕವಲೊಡೆಯುತ್ತದಲ್ಲ, ಅಲ್ಲಿ ಗುರುತು ಕಾಣದೆ ಇಬ್ಬರೂ ಗವಿಯೊಳಗೆ ನುಗ್ಗಿದ್ದಾರೆ. ಬಾವಲಿಗಳು ಮುಖಕ್ಕೆ ಹಾರಿದ್ದೇ ತಡ, ಹೆಂಗಸು ಅಲ್ಲೇ ಕೂತು, “ನಿಮ್ಮನ್ನ ನಂಬ್ಕೊಂಡು ಬಂದ ನಂಗೆ ಬುದ್ಧಿ ಇಲ್ಲ” ಎಂದು ಜಗಳ ತೆಗೆದಿದ್ದಾಳೆ. ಆ ಜಗಳ ಕೇಳಿಯೇ ನಾನು ಅವರನ್ನು ಹುಡುಕಿದ್ದು. ಕೆಳಗಿಳಿದು ಬಂದವನು ನಮ್ಮ ಮೇಲ್ವಿಚಾರಕರ ಎದುರು ಟೋಪಿ ಕಿತ್ತು ಮೇಜಿನ ಮೇಲೆಸೆದು, “ಇದ್ಯಾವ ದಾರೀರಿ? ವಾಪಸ್ ಬರೋಕೆ ಎಲ್ಲೆಲ್ಲೂ ಗುರುತು, ಹೋಗೋಕೆ ಒಂದೂ ಇಲ್ಲ!” ಎಂದ.

ಮೇಲ್ವಿಚಾರಕರನ್ನು ನೀವು ನೋಡಿದ್ದೀರಿ. ಕೊರಳಲ್ಲಿ ಸದಾ ಸೀಟಿ ನೇತಾಡಿಸಿಕೊಂಡು, ಅದನ್ನು ಒಮ್ಮೆಯೂ ಊದದವರು. ದರ್ಜಿ ಹೋದ ಮೇಲೆ ಬಣ್ಣದ ಡಬ್ಬಗಳ ಕೋಣೆಗೆ ನನ್ನನ್ನು ಕರೆದು ಬಾಗಿಲು ಮುಂದೆ ಮಾಡಿ, “ಕಾಯೋದೇನಿದ್ರೂ ಮನೇಲಿ ಕಾಯಮ್ಮ. ದಾರಿ ಮೇಲೆ ಕಾಯಬೇಡ. ಯಾರಾದ್ರೂ ಬಿದ್ದು ಸತ್ರೆ ನಾನೇನು ಹೇಳ್ಲಿ?” ಎಂದರು. ನನಗೆ ಅಳು ಬಂತು. ಅವರು ಪಾಪ, ಕಿಟಕಿ ಕಡೆ ತಿರುಗಿಕೊಂಡು, “ಈ ತಿನ್ನರ್ ವಾಸ್ನೆಗೆ ಎಂಥೋರಿಗೂ ಕಣ್ಣಲ್ಲಿ ನೀರು ಬರುತ್ತೆ” ಎಂದರು.

ಗೋರಿಗಳ ವಿಷಯ ನೀವು ಕೇಳಿದ್ದಿರಿ. ಹಾಗೇ ಇವೆ. ನಾಲ್ಕು ಕಡೆ ಕಲ್ಲುಚಪ್ಪಡಿ, ಮೇಲೊಂದು ಮುಚ್ಚಳ, ಮುಂದಿನ ಚಪ್ಪಡಿಯಲ್ಲಿ ಆ ದುಂಡನೆಯ ಕಿಂಡಿ. ಬಂದವರೆಲ್ಲ, “ಈ ಕಿಂಡಿ ಯಾಕೆ?” ಎಂದೇ ಕೇಳುತ್ತಾರೆ. ಕಟ್ಟಿದವರು ಹೋಗಿ ಸಾವಿರಾರು ವರ್ಷವಾಯಿತು, ಗೊತ್ತಿಲ್ಲ ಎನ್ನುತ್ತೇನೆ. ನನಗೆ ಮಾತ್ರ ಇವರು ಒಂದು ಉತ್ತರ ಹೇಳಿದ್ದರು, ಮದುವೆಗೆ ಮುಂಚೆ, ಅದೇ ದೊಡ್ಡ ಗೋರಿಯ ಎದುರು ಕೂರಿಸಿಕೊಂಡು. ನೀವು ಎಷ್ಟು ಕಾಡಿದರೂ ನಾನು ಬಾಯಿ ಬಿಟ್ಟಿರಲಿಲ್ಲ. ಒಡವೆ ಎಂದು ನನ್ನ ಹತ್ತಿರ ಇದ್ದದ್ದು ಅದೊಂದೇ.

ಮನೆಯಲ್ಲಿ ಎಲ್ಲ ಇದ್ದಲ್ಲೇ ಇದೆ. ಬಾಗಿಲ ಹಿಂದೆ ಇವರ ಕೋಟು ನೇತಾಡುತ್ತಿದೆ. ಸಂಜೆ ಬೂಟು ಬಿಚ್ಚಿ ಕೂತರೆ ಮನೆ ಬಿಕೋ ಎನ್ನುತ್ತದೆ. ಅಭ್ಯಾಸಬಲ, ಈಗಲೂ ಟೀಗೆ ಎರಡು ಲೋಟ ನೀರಿಡುತ್ತೇನೆ, ಆಮೇಲೆ ಎರಡನ್ನೂ ನಾನೇ ಕುಡಿಯುತ್ತೇನೆ. ನಿದ್ದೆ ಬರದಿರಲು ಟೀ ಕಾರಣ ಎಂದು ನಾದಿನಿಗೆ ಹೇಳಿದ್ದೆ. ಅವಳು ನಂಬಿದಂತೆ ಮಾಡಿದಳು.

ಮುಖ್ಯ ವಿಷಯಕ್ಕೆ ಬರುತ್ತೇನೆ. ಈ ವಾರ ಹೋಗುವ ಗುರುತುಗಳನ್ನೂ ನಾನೇ ಬಳಿದೆ, ಮೇಲಿನಿಂದ ಕೆಳಗಿನವರೆಗೆ, ಒಂದನ್ನೂ ಬಿಡದೆ. ಮೇಲ್ವಿಚಾರಕ ಸಾಹೇಬರ ಮಾತು ಮೀರುವಂತಿರಲಿಲ್ಲ. ನಿಮ್ಮ ಮಾತು ಮೀರಿದೆ, ಕ್ಷಮಿಸಿ.

ಕಣ್ಣಿಗೆ ಔಷಧಿ ಬಿಡುವುದನ್ನು ತಪ್ಪಿಸಬೇಡಿ. ಬಗ್ಗಬೇಡಿ, ಭಾರ ಎತ್ತಬೇಡಿ, ಚಿನಕುರುಳಿ ಎಷ್ಟು ಗೋಗರೆದರೂ ಸೊಂಟಕ್ಕೆ ಎತ್ತಿಕೊಳ್ಳಬೇಡಿ. ಚಿನಕುರುಳಿ, ಚೆನ್ನಾಗಿ ಓದಿದೆ, ಜಾಣೆ. ನೂರು ವರ್ಷ ಸುಖವಾಗಿ ಬಾಳು. ಅತ್ತೆ, ನಿಮ್ಮ ಕೈ ನನ್ನ ತಲೆಯ ಮೇಲಿರಲಿ.

ಇಂತಿ,
ನಿಮ್ಮ ಸೊಸೆ

(ಅತ್ತೆ ಒಬ್ಬರೇ ಓದಬೇಕಾದದ್ದು)

ಅತ್ತೆ, ಸಾಹೇಬರು ಬೈದದ್ದು ನಿಜ. ಆದರೆ ಅವರು ಬೈದ ಮಾರನೆಯ ದಿನವೂ ನಾನು ಬರುವ ಗುರುತನ್ನೇ ಬಳಿಯುತ್ತಿದ್ದೆ.

ದೊಡ್ಡ ಗೋರಿಯ ಹಿಂದೆ ಬಂಡೆಯೊಂದಿದೆಯಲ್ಲ, ಅದರ ಮೇಲಿನ ಮಗ್ಗುಲಲ್ಲಿ ಕೂತಿದ್ದೆ. ಕೆಳಗಿನಿಂದ ನಿಮ್ಮ ಮಗನ ದನಿ ಕೇಳಿಸಿತು. ಏನೆಂದು ಬರೆಯಲಿ, ಬಂದೇಬಿಟ್ಟರು, ಅತ್ತೆ ಹೇಳಿದ್ದು ಸುಳ್ಳಾಗಲಿಲ್ಲ ಎಂದುಕೊಂಡು ಕೈಯಲ್ಲಿದ್ದ ಬ್ರಷ್ಷು ಅಲ್ಲೇ ಬಿಟ್ಟು ಅರ್ಧ ಎದ್ದಿದ್ದೆ. ಅಷ್ಟರಲ್ಲಿ ಹೆಂಗಸೊಬ್ಬಳ ನಗು ಕೇಳಿಸಿತು.

ಬಂಡೆಯ ಅಂಚಿನಿಂದ ಇಣುಕಿದೆ. ಚಪ್ಪಡಿಯ ಮೇಲಿನ ಧೂಳನ್ನು ತಮ್ಮ ಕರವಸ್ತ್ರದಿಂದ ಒರೆಸಿ ಅವಳನ್ನು ಕೂರಿಸಿದರು. ಅವಳ ಬೂಟಿನ ಲೇಸು ಬಿಚ್ಚಿತ್ತು, ಬಗ್ಗಿ ಕಟ್ಟಿದರು. “ನಮ್ಮನೆ ಬಾಲ್ಕನಿಯಿಂದ ಈ ಬೆಟ್ಟ ಕಾಣುತ್ತಾ?” ಎಂದು ಅವಳು ಕೇಳಿದಳು. ನಮ್ಮನೆ ಎಂದಳು, ಅತ್ತೆ. ಆಮೇಲೆ ಎಲ್ಲರಂತೆ ಅವಳೂ ಕೇಳಿದಳು, “ಈ ಕಿಂಡಿ ಯಾಕೆ?”

ನಿಮ್ಮ ಮಗ ಅವಳ ಪಕ್ಕಕ್ಕೆ ಸರಿದು ಕೂತರು. ನನ್ನ ಪಕ್ಕಕ್ಕೂ ಹಾಗೇ ಸರಿದು ಕೂತು ಆಮೇಲೆ ಹೇಳಿದ್ದರು. “ಒಳಗೆ ಮಲಗಿರೋನು ತನ್ನೋಳು ಬರೋ ದಾರಿ ನೋಡ್ತಿರ್ಲಿ ಅಂತ ಬಿಟ್ಟಿದ್ದು. ಇದನ್ನ ನಾನು ಯಾರಿಗೂ ಹೇಳಿಲ್ಲ. ನಿಂಗೇ ಮೊದ್ಲು” ಎಂದರು. ಒಂದಕ್ಷರವೂ ಬದಲಾಗಲಿಲ್ಲ. ನೀವು ಇಷ್ಟು ವರ್ಷ ಕೇಳುತ್ತಿದ್ದ ಉತ್ತರ ಇದೇ. ಇನ್ನು ಬಚ್ಚಿಟ್ಟುಕೊಳ್ಳಲು ಅದು ನನ್ನದಲ್ಲ.

ಎದ್ದು ಹೋಗಿ ಕಾಲರ್ ಹಿಡಿದು ಕೇಳಬಹುದಿತ್ತು. ಮೈಯೆಲ್ಲ ಬಣ್ಣ, ತಲೆಯ ಮೇಲೆ ಅವರದೇ ಹಳೆಯ ಟೋಪಿ. ಆ ಅವತಾರದಲ್ಲಿ ಅವಳ ಮುಂದೆ ನಿಲ್ಲಲು ನಾಚಿಕೆಯಾಯಿತು. ತಪ್ಪು ಮಾಡಿದವರು ಅವರು, ನಾಚಿಕೆ ನನಗೆ. ಟೋಪಿಯನ್ನು ಬಾಯಿಗೊತ್ತಿಕೊಂಡು ಕೂತೆ.

ಹೊರಡುವ ಮುಂಚೆ ನಿಮ್ಮ ಮಗ ಬಂಡೆಯ ಕೆಳಗಿನ ಮಗ್ಗುಲಿನ ಪಟ್ಟೆಯನ್ನು, ಹನಿ ಇಳಿದ ತಮ್ಮದೇ ಪಟ್ಟೆಯನ್ನು ನೋಡಿ, “ಎಲ್ಲಾ ಮಾಸಿಹೋಗಿದೆ. ನೋಡ್ಕೊಳ್ಳೋರು ಯಾರೂ ಇಲ್ಲ ಅನ್ಸುತ್ತೆ” ಎಂದರು. ಇಬ್ಬರೂ ಇಳಿದುಹೋದರು. ದಾರಿಯುದ್ದಕ್ಕೂ ಅವಳು, “ಅಲ್ನೋಡಿ, ಇನ್ನೊಂದು ಹಳದಿ!” ಎಂದು ಖುಷಿಯಿಂದ ತೋರಿಸುತ್ತಿದ್ದಳು. ಅವರು ಮನೆಗೆ ಬರಲಿ ಎಂದು ನಾನು ಬಳಿದ ಗುರುತುಗಳನ್ನು ಹಿಡಿದುಕೊಂಡೇ ಅವಳ ಜೊತೆ ಹೋದರು.

ದನಿ ಪೂರ್ತಿ ಅಡಗಿದ ಮೇಲೆ ಈಚೆ ಬಂದೆ. ಅವರ ಪಟ್ಟೆಯನ್ನು ತಂತಿಬ್ರಷ್ಷಿನಿಂದ ಉಜ್ಜಿ ತೆಗೆದು ಹೊಸದಾಗಿ ಬಳಿದೆ, ಹನಿ ಇಳಿಯದ ಹಾಗೆ.

ಎದೆ ಒಡೆದುಹೋಗಿದೆ, ಅತ್ತೆ. ಆದರೂ ಅವರು ಹೋದದ್ದನ್ನು ಹೇಗೋ ನುಂಗಿಕೊಳ್ಳುತ್ತೇನೆ. ಎಷ್ಟಾದರೂ ಅವರು ನಿಮ್ಮ ಮಗ, ನಾನು ಹೊರಗಿನಿಂದ ಬಂದವಳು. ನಾಳೆ ಅವಳೂ ನಿಮ್ಮ ಕಾಲಿಗೆ ಬೀಳಲು ಬರುತ್ತಾಳೆ. ಅದನ್ನು ನೆನೆದರೆ ಅನ್ನ ಇಳಿಯುವುದಿಲ್ಲ. ಉತ್ತರ ಬರೆಯುವಾಗ ಅವರ ಸುದ್ದಿ ಏನೂ ಬೇಡ. ಮೊದಲ ಸಾಲಿನಲ್ಲಿ ‘ಮಗಳೇ’ ಅಂತ ಇದೆಯೋ ಇಲ್ಲವೋ, ನಾನು ಅದನ್ನಷ್ಟೇ ನೋಡುತ್ತೇನೆ.