ಕೆನ್ನೆಯೊಳಗಿನ ಕೋಶ

ಹಿರಿಯೂರು, 12 ಡಿಸೆಂಬರ್ 1974

‘ನಮ್ಮ ಜೀವಕೋಶಕ್ಕೆ ಗೋಡೆನೇ ಇಲ್ವಂತಲ್ರೀ, ಈರುಳ್ಳಿದಕ್ಕೆ ಐತಂತೆ’ ಎಂದಳಲ್ಲ ವೀರಮ್ಮ, ಊಟಕ್ಕೆ ಬಡಿಸುತ್ತಾ. ಇಷ್ಟು ವರ್ಷ ನಾನು ಮಕ್ಕಳಿಗೆ ಅದನ್ನೇ ಪಾಠ ಮಾಡಿದ್ದೇನೆ; ಹೆಂಡತಿಗೆ ಒಮ್ಮೆಯೂ ಹೇಳಿಲ್ಲ.

ಹೇಳಿದವರು ನಮ್ಮ ಶಾಲೆಗೆ ಹೊಸದಾಗಿ ಬಂದ ವಿಜ್ಞಾನದ ಮೇಷ್ಟ್ರು ಶಿವಕುಮಾರಪ್ಪ. ಇಂದು ಶಾಲೆಯ ವಸ್ತುಪ್ರದರ್ಶನದಲ್ಲಿ ‘ಬಾಯಿ ತೆಗೀರಿ ಅಕ್ಕಾರೆ, ನಿಮ್ಮ ಮೇಷ್ಟ್ರಿಗೆ ಕಾಣದ್ದು ತೋರಿಸ್ತೀನಿ’ ಎಂದು ನಗಿಸಿ, ಕಡ್ಡಿಯಿಂದ ಅವಳ ಕೆನ್ನೆಯ ಒಳಗನ್ನು ಕೆರೆದು, ನೀಲಿ ಬಣ್ಣ ಹಾಕಿ ಸೂಕ್ಷ್ಮದರ್ಶಕದ ಕೆಳಗಿಟ್ಟರಂತೆ.

‘ನಡುವೆ ಉದ್ದಿನಕಾಳಿನಂಗೆ ಕೋಶಕೇಂದ್ರ ಐತೆ. ನಂದೇ ಅದು!’ ಎಂದಳು. ಆ ಮುಖ ನನ್ನ ಮಾತಿಗೆ ಎಂದೂ ಹಾಗೆ ಅರಳಿದ್ದಿಲ್ಲ.

ತಪ್ಪೇನೂ ನಡೆದಿಲ್ಲ, ಗೊತ್ತು. ಆದರೂ ನಿದ್ದೆ ಹತ್ತುತ್ತಿಲ್ಲ. ಶಿವಕುಮಾರಪ್ಪ, ನೋಡಿ ಎಂದು ಅವಳನ್ನು ಕರೆಯುವ ಮೊದಲು ನೀವೊಬ್ಬರೇ ಅವಳ ಆ ಕೋಶವನ್ನು ಎಷ್ಟು ಹೊತ್ತು ನೋಡಿದಿರಿ?