ಕ್ಲಚ್ ಮೇಲಿನ ಕಾಲು

೧೪ ಜುಲೈ, ಭಾನುವಾರ

ಪ್ರೀತಿಯ ಪುಟ್ಟಿಗೆ,

ನಿನ್ನ ಅತ್ತಿಗೆಯ ಅಕ್ಕರೆಯ ನೆನಪುಗಳು. ನೀನು, ನಿಮ್ಮವರು, ಮಕ್ಕಳು ಎಲ್ಲರೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ನಿನ್ನ ಎರಡು ಪತ್ರಗಳೂ ತಲುಪಿದವು. ಮೊದಲನೆಯದಕ್ಕೆ ಉತ್ತರ ಬರೆಯೋಣ ಎನ್ನುವಷ್ಟರಲ್ಲಿ ಎರಡನೆಯದು ಬಂತು. ಅದರಲ್ಲಿದ್ದ ಸಿಟ್ಟು ನೋಡಿ ಮತ್ತಷ್ಟು ದಿನ ಪೆನ್ನು ಮುಟ್ಟಲು ಧೈರ್ಯ ಬರಲಿಲ್ಲ. ತಡ ಮಾಡಿದ್ದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಫೋನು ಮಾಡಬಹುದಿತ್ತಲ್ಲ ಎನ್ನುತ್ತೀಯ. ನಮ್ಮ ಮನೆ ನಿನಗೆ ಗೊತ್ತಿರುವುದೇ, ಅಡುಗೆಮನೆಯಲ್ಲಿ ಪಿಸುಗುಟ್ಟಿದರೆ ಮುಂಬಾಗಿಲಲ್ಲಿ ಕೇಳಿಸುತ್ತದೆ. ಈಗ ನಿಮ್ಮಣ್ಣ ಮೇಲೆ ಮಲಗಿದ್ದಾರೆ. ನಾನು ಕೆಳಗೆ ಅವರ ಡ್ರೈವಿಂಗ್ ಸ್ಕೂಲಿನ ಆಫೀಸಿನಲ್ಲಿ ಕೂತು ಬರೆಯುತ್ತಿದ್ದೇನೆ. ಶಟರನ್ನು ಅರ್ಧ ಎಳೆದಿದ್ದೇನೆ, ಇಲ್ಲದಿದ್ದರೆ ಹೋಗಿಬರುವವರೆಲ್ಲ ಮೇಷ್ಟ್ರು ಯಾವಾಗ ಕ್ಲಾಸು ಶುರು ಮಾಡುತ್ತಾರೆಂದು ಕೇಳುತ್ತಾರೆ.

"ಎದೆ ಕುಯ್ಸಿಕೊಂಡು ಬಂದ ಮನುಷ್ಯನ ಹತ್ತಿರ ಬೆಳಗಾದರೆ ಜಗಳ ತೆಗೀತೀರಂತೆ. ಕ್ಯಾನ್ಸರ್ ಬಂದಿದ್ದು ಅವನ ತಪ್ಪಾ ಅತ್ತಿಗೆ?" ಎಂದು ಕೇಳಿದ್ದೀಯ. ನಿಮ್ಮಣ್ಣ ನಿನ್ನ ಹತ್ತಿರ ಹೇಳಿಕೊಂಡದ್ದು ಸುಳ್ಳಲ್ಲ, ಜಗಳ ತೆಗೆದದ್ದು ನಾನೇ. ಯಾಕೆಂದು ಹೇಳುತ್ತೇನೆ, ಪೂರ್ತಿ ಓದಿದ ಮೇಲೆ ಬೈ.

ಬಲಗಡೆಯ ಶ್ವಾಸಕೋಶದ ಮೇಲಿನ ಭಾಗವನ್ನು ತೆಗೆದರಲ್ಲ, ಉಳಿದದ್ದು ಹಿಗ್ಗಿ ಆ ಖಾಲಿ ಜಾಗವನ್ನು ತುಂಬಬೇಕಂತೆ. ಅದಕ್ಕೆ ಉದ್ದಕ್ಕೆ ಉಸಿರೆಳೆಯಬೇಕು, ನಡೆಯಬೇಕು, ಕೆಮ್ಮಿ ಕಫ ಹೊರಗೆ ಹಾಕಬೇಕು. ಕಫ ಕಟ್ಟಿಕೊಂಡರೆ ಜ್ವರ ಬರುತ್ತದೆ, ಆ ಜ್ವರವನ್ನು ಹಗುರವಾಗಿ ತಿಳಿಯಬೇಡಿ ಎಂದು ವ್ಯಾಯಾಮ ಹೇಳಿಕೊಡುವ ಹುಡುಗಿ ಕಣ್ಣಗಲಿಸಿ ಹೇಳಿ ಕಳಿಸಿದ್ದಳು. ಕೆಮ್ಮುವಾಗ ಎದೆಗೆ ಒತ್ತಿ ಹಿಡಿಯಲು ಒಂದು ಪುಟ್ಟ ದಿಂಬು, ಉಸಿರು ಎಳೆದರೆ ಚೆಂಡುಗಳು ಮೇಲೇಳುವ ಒಂದು ಪ್ಲಾಸ್ಟಿಕ್ ಡಬ್ಬಿ. ನಿಮ್ಮಣ್ಣ ಒಂದು ಚೆಂಡು ಅಲುಗಿದರೆ ಸಾಕು, ಅಂದಿನ ಕೆಲಸ ಮುಗಿಯಿತು ಎಂದು ಕೆಳಗಿಡುತ್ತಿದ್ದರು. ನೋವಿತ್ತು, ಸುಳ್ಳೇಕೆ ಹೇಳಲಿ. ನೋವಿಗಿಂತ ಹೆಚ್ಚಾಗಿ ಹೊಲಿಗೆ ಬಿಟ್ಟುಹೋದೀತೆಂಬ ಹೆದರಿಕೆ. ಬಂದ ಕೆಮ್ಮನ್ನು ನುಂಗಿ, ಗೋಡೆ ನೋಡುತ್ತ ಕೂರುವುದು. ನಾನು ಬೇಡಿಕೊಂಡೆ, ಪುಸಲಾಯಿಸಿದೆ, ಎದುರಿಗೇ ಅತ್ತುಬಿಟ್ಟೆ. "ಆಯ್ತು ಬಿಡು, ನಾಳೆ ಮಾಡ್ತೀನಿ" ಎನ್ನುವುದು ಬಿಟ್ಟರೆ ಬೇರೆ ಮಾತಿಲ್ಲ.

ಹೀಗಿರುವಾಗ ಒಂದು ದಿನ ಗಾಯ ತೋರಿಸಲು ಕಾರಿನಲ್ಲಿ ಕರೆದುಕೊಂಡು ಹೊರಟೆ. ನಿಮ್ಮಣ್ಣನ ತಾಳ್ಮೆ ನಿನಗೆ ಗೊತ್ತಲ್ಲ. ಕಲಿಯಲು ಬಂದವರು ಅವರನ್ನು ಚರಂಡಿಗೆ ಇಳಿಸಿದ್ದಾರೆ, ಕಂಬಕ್ಕೆ ಗುದ್ದಿಸಿದ್ದಾರೆ, ಒಬ್ಬರ ಮೇಲೂ ದನಿ ಏರಿಸಿದವರಲ್ಲ. "ಪರವಾಗಿಲ್ಲ, ಇನ್ನೊಂದ್ಸಲ" ಎನ್ನುತ್ತಾರೆ ಅಷ್ಟೇ. ಆ ತಾಳ್ಮೆ ಕಟ್ಟಿಕೊಂಡ ಹೆಂಡತಿಯ ಪಾಲಿಗೆ ಮಾತ್ರ ಇಲ್ಲ. ಅವರು ಪಕ್ಕದಲ್ಲಿ ಕೂತರೆ ನನಗೂ ಕೈಕಾಲು ತಡವರಿಸುತ್ತದೆ. ಅಂದು ಯೋಚನೆಯಲ್ಲಿ ಕ್ಲಚ್ ಮೇಲೆ ಕಾಲಿಟ್ಟುಕೊಂಡೇ ಓಡಿಸುತ್ತಿದ್ದೆನಂತೆ.

"ಕಾಲು ತೆಗಿ, ಕ್ಲಚ್ ಸವೆದುಹೋಗುತ್ತೆ. ಅದೇನು ಕಾಲಿಟ್ಕೊಂಡು ಕೂರೋ ಮಣೆ ಅನ್ಕೊಂಡ್ಯಾ?" ಎಂದು ಗುಡುಗಿದರು.

ಗುಡುಗಿದ ರಭಸಕ್ಕೆ ಕೆಮ್ಮು ಹತ್ತಿತು. ದಿಂಬನ್ನು ಅಪ್ಪಿಕೊಂಡು ಕೆಮ್ಮಿ ಕೆಮ್ಮಿ, ಅಷ್ಟು ದಿನ ಬೇಡಿಕೊಂಡರೂ ಬಾರದ ಕಫವೆಲ್ಲ ಬಂತು. ಆಸ್ಪತ್ರೆಯಲ್ಲಿ ಎದೆ ಪರೀಕ್ಷೆ ಮಾಡಿದ ಡಾಕ್ಟರು, "ಇವತ್ತು ಗಾಳಿ ಚೆನ್ನಾಗಿ ಆಡ್ತಿದೆಯಲ್ಲ, ಮನೇಲಿ ಏನು ಮಾಡಿಸ್ತಿದ್ದೀರಿ?" ಎಂದು ಕೇಳಿದರು.

ಅಂದಿನಿಂದ ನಾನು ಈ ಊರಿನಲ್ಲೇ ಅತಿ ಕೆಟ್ಟ ಡ್ರೈವರ್ ಆದೆ. ಕಾರನ್ನು ಮನೆ ಮುಂದೆ ಬೇಕೆಂದೇ ಸೊಟ್ಟಗೆ ನಿಲ್ಲಿಸುತ್ತಿದ್ದೆ. ಹಾಸಿಗೆಯಿಂದ ಬಚ್ಚಲಿಗೆ ಹೋಗಲು ನನ್ನ ಭುಜ ಹಿಡಿಯುತ್ತಿದ್ದವರು, ಸೊಟ್ಟ ನಿಂತ ಕಾರನ್ನು ಕಿಟಕಿಯಿಂದ ನೋಡಿ ತಡೆಯಲಾರದೆ ಒಬ್ಬರೇ ಮೆಟ್ಟಿಲಿಳಿದು ಬಂದರು. ಚಹಾ ಕುಡಿಯುವಾಗ, "ಇಳಿಜಾರಿನಲ್ಲಿ ಗಾಡಿ ಆಫ್ ಮಾಡಿ ಬಿಟ್ಟರೆ ಪೆಟ್ರೋಲ್ ಉಳಿಯುತ್ತಂತೆ" ಎಂದು ಸುಮ್ಮನೆ ಒಂದು ಮಾತು ಎಸೆದೆ. ಬೆನ್ನು ನೆಟ್ಟಗೆ ಮಾಡಿ ಕೂತು, ಬ್ರೇಕು ಹೇಗೆ ಕೆಲಸ ಮಾಡುತ್ತದೆ ಎಂದು ಚಹಾ ಆರುವವರೆಗೂ ಪಾಠ ಮಾಡಿದರು. ನಾನು ಎದುರು ಮಾತಾಡುತ್ತಾ ಹೋದೆ, ಅವರು ಉಸಿರು ತುಂಬಿಕೊಂಡು ಕೂಗುತ್ತಾ ಹೋದರು. ಮಾತು ಬೆಳ್ಳಿ, ಮೌನ ಬಂಗಾರ ಎಂದು ಗಾದೆ ಮಾಡಿದವರ ಶ್ವಾಸಕೋಶಕ್ಕೆ ಏನೂ ಆಗಿರಲಿಲ್ಲವೆಂದು ಕಾಣುತ್ತದೆ.

ಇದೆಲ್ಲ ನಗುತ್ತ ಬರೆಯುತ್ತಿದ್ದೇನೆ, ಆದರೆ ಒಂದೊಂದು ಜಗಳಕ್ಕೂ ಜೀವ ಕೈಯಲ್ಲಿ ಹಿಡಿದುಕೊಂಡಿರುತ್ತಿದ್ದೆ. ಎಲ್ಲಿ ಹೆಚ್ಚಾಯಿತೋ, ಎಲ್ಲಿ ಹೊಲಿಗೆಗೆ ಏನಾಯಿತೋ ಎಂದು. ಬೈಸಿಕೊಂಡ ಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಲ್ಲುತ್ತಿದ್ದೆ. ನಾನು ಅವರಿಂದ ಬೇಸತ್ತಿದ್ದೇನೆಂದು ಅವರು ನಿಜವಾಗಿ ನಂಬಿದ್ದರು ಎಂಬುದು ನಿನ್ನ ಪತ್ರ ಬರುವವರೆಗೂ ನನ್ನ ತಲೆಗೆ ಹೊಳೆದಿರಲಿಲ್ಲ. ನಿನಗಾದರೂ ಮೊದಲೇ ಹೇಳಬೇಕಿತ್ತು. ಆದರೆ ನಿನಗೆ ಹೇಳುವುದೂ ಒಂದೇ, ಊರಿಗೆಲ್ಲ ಸಾರುವುದೂ ಒಂದೇ. ನಿಮ್ಮಣ್ಣ ನಿನ್ನನ್ನು ಡಂಗುರ ಎಂದು ಕರೆಯುವುದು ಸುಮ್ಮನಲ್ಲ.

ಎರಡು ವಾರದ ಹಿಂದೆ ಬೆಳಗಿನ ತಿಂಡಿ ತಿನ್ನುತ್ತಿದ್ದಾಗ ಅವರಿಗೆ ಇದ್ದಕ್ಕಿದ್ದಂತೆ ಉಸಿರು ಸಿಕ್ಕಿಕೊಂಡಿತು. ತುಟಿ ಕಪ್ಪಿಟ್ಟಿತು. ಹೇಗೆ ಕೆಳಗಿಳಿಸಿದೆನೋ, ಹೇಗೆ ಕಾರಿನಲ್ಲಿ ಕೂರಿಸಿದೆನೋ ನೆನಪಿಲ್ಲ. ಕೈಕಾಲು ತಾವೇ ಕೆಲಸ ಮಾಡಿದವು. ಆಸ್ಪತ್ರೆಯ ಮುಂದೆ ಒಂದು ಆಂಬುಲೆನ್ಸಿಗೂ ಒಂದು ಕಂಬಕ್ಕೂ ನಡುವೆ ಜಾಗವಿತ್ತು. ಅಲ್ಲಿಗೆ ಒಂದೇ ಸಲಕ್ಕೆ ರಿವರ್ಸ್ ಹಾಕಿ ನಿಲ್ಲಿಸಿದೆ. ಎದೆಯಲ್ಲಿ ನೀರು ತುಂಬಿಕೊಂಡು ಸೋಂಕಾಗಿತ್ತು. ನೀರು ತೆಗೆದರು, ಆಮ್ಲಜನಕ ಕೊಟ್ಟರು, ಮತ್ತೆ ಸ್ಕ್ಯಾನ್ ಮಾಡಿದರು. ಕೆಲವು ದಿನ ಇಟ್ಟುಕೊಂಡು ಮನೆಗೆ ಕಳಿಸಿದರು. ನೀನು ಗಾಬರಿಯಾಗುತ್ತೀಯೆಂದು ತಿಳಿಸಲಿಲ್ಲ.

ಮನೆಗೆ ಬರುವ ದಾರಿಯಲ್ಲಿ ಅವರು ದಿಂಬನ್ನು ಎದೆಗಿಟ್ಟುಕೊಂಡು ಕೂತಿದ್ದರು. ಆಮೇಲೆ ಮೆಲ್ಲಗೆ ಹೇಳಿದರು, "ಆವತ್ತು ಆಂಬುಲೆನ್ಸ್ ಪಕ್ಕ ಎಷ್ಟು ನೀಟಾಗಿ ಹಾಕಿದೆ. ದಾರೀಲೂ ನೋಡ್ದೆ, ಕ್ಲಚ್ ಮೇಲೆ ಕಾಲೇ ಇರ್ಲಿಲ್ಲ."

ಆ ಸ್ಥಿತಿಯಲ್ಲೂ ನನ್ನ ಕಾಲು ನೋಡಿದ್ದಾರೆ ನೋಡು. ನನಗೆ ನಗು ಬಂತು. ಇನ್ನೇನು ಮುಚ್ಚಿಡುವುದೆಂದು ಎಲ್ಲವನ್ನೂ ಹೇಳಿಬಿಟ್ಟೆ, ಅವರೂ ನಗುತ್ತಾರೆಂದುಕೊಂಡೆ. "ಇಷ್ಟು ದಿನ ನನ್ನ ಕಿವಿ ಮೇಲೆ ಹೂ ಇಟ್ಟೆ ಅನ್ನು" ಎಂದು ಹೊರಗೆ ನೋಡತೊಡಗಿದರು. ಸಮಾಧಾನವಾಗಲಿ ಎಂದು ಒಳ್ಳೆಯ ಸುದ್ದಿಯನ್ನೂ ಹೇಳಿದೆ. ತೆಗೆದ ಭಾಗದ ಅಂಚಿನಲ್ಲಿ ಏನೂ ಉಳಿದಿಲ್ಲವಂತೆ, ಪಕ್ಕದ ಗ್ರಂಥಿಗಳಿಗೂ ಹರಡಿಲ್ಲವಂತೆ, ಸದ್ಯಕ್ಕೆ ಬೇರೆ ಚಿಕಿತ್ಸೆ ಬೇಡವಂತೆ ಎಂದು.

"ನಾಟಕ ಚೆನ್ನಾಗಿ ಆಡ್ತೀಯ ನೀನು. ಡಾಕ್ಟ್ರು ಏನಂದ್ರು ಅಂತ ಇನ್ಮೇಲೆ ನಿನ್ನ ಕೇಳೋದಿಲ್ಲ" ಎಂದರು.

"ಬೇಕಾದ್ರೆ ಅವರನ್ನೇ ಕೇಳ್ರೀ" ಎಂದೆ.

"ಅವ್ರಿಗೂ ಹೇಳ್ಕೊಟ್ಟಿರ್ತೀಯ."

ಅಂದಿನಿಂದ ನಮ್ಮ ಮನೆಯಲ್ಲಿ ಜಗಳವಿಲ್ಲ, ಪುಟ್ಟಿ. ನನಗೆ ಊಟ ಸೇರುತ್ತಿಲ್ಲ. ಮೊನ್ನೆ ಕಾರನ್ನು ಗೋಡೆಗೆ ತಾಗಿಸಿದೆ, ನಾಟಕವಲ್ಲ, ನಿಜವಾಗಿಯೇ ಕೈ ತಪ್ಪಿತು. ಕೆಳಗೆ ಬಂದು ನೋಡಿದರು. "ಪರವಾಗಿಲ್ಲ, ಇನ್ನೊಂದ್ಸಲ" ಎಂದರು. ನನಗೆ ಹಾಗೆಂದರು. ಆಮೇಲೆ ಕಾರಿಗೆ ಒರಗಿ ನಿಂತು, ಕ್ಲಚ್ ಪ್ಲೇಟು ಇನ್ನೂ ಒಂದು ವರ್ಷ ತಡೆಯುತ್ತದೆ, ಆಮೇಲೆ ಮೂಲೆಯ ಗ್ಯಾರೇಜಿನವನ ಹತ್ತಿರ ಮಾತ್ರ ಬಿಡು, ಇನ್ನೊಬ್ಬ ನೀನು ಹೆಂಗಸು ಅಂತ ಟೋಪಿ ಹಾಕುತ್ತಾನೆ ಎಂದೆಲ್ಲ ನಿಧಾನವಾಗಿ ಬಿಡಿಸಿ ಹೇಳಿದರು. ನಿನ್ನೆ ನೀರಿನ ಮೋಟರಿನ ವಿಷಯ ಹೇಳಿಕೊಟ್ಟರು, ಇವತ್ತು ಬೆಳಗ್ಗೆ ಗೀಸರಿನದು. ನಾನು ಒಬ್ಬಳೇ ಇರುವ ಮನೆಯನ್ನು ಅವರು ಆಗಲೇ ಕಣ್ಣಲ್ಲಿ ನೋಡುತ್ತಿದ್ದಾರೆ. ಉಸಿರಿನ ಡಬ್ಬಿಯನ್ನು ಮುಟ್ಟುವುದಿಲ್ಲ, ಯಾಕೆ ಸುಮ್ಮನೆ ಎನ್ನುತ್ತಾರೆ. ಮತ್ತೆ ನೀರು ತುಂಬಿದರೆ ಈ ಸಲ ತಡೆಯುತ್ತಾರೋ ಇಲ್ಲವೋ. ನನಗೆ ಭಯವಾಗುತ್ತಿದೆ.

ಆದ್ದರಿಂದ ನೀನು ಬರಬೇಕು. ಚಿಕ್ಕಂದಿನಲ್ಲಿ ಅವರು ಕದ್ದು ಸಿನಿಮಾಕ್ಕೆ ಹೋದದ್ದನ್ನು ಯಾರೂ ಕೇಳದಿದ್ದರೂ ಅಪ್ಪನ ಮುಂದೆ ಹೇಳಿ ಏಟು ತಿನ್ನಿಸಿದವಳಂತೆ ನೀನು. ಈಗಲೂ ಅದನ್ನು ಹೇಳಿ, ಅವಳಿಗೆ ಸುಳ್ಳು ಹೇಳೋಕೆ ಬರಲ್ಲ ಎನ್ನುತ್ತಾರೆ. ನೀನೇ ಡಾಕ್ಟರನ್ನು ಕಂಡು, ಬಂದು ಹೇಳಿದರೆ ನಂಬುತ್ತಾರೆ. ನಂಬಿದರೆ ಉಸಿರೆಳೆಯುತ್ತಾರೆ. ನೀನು ಕೆಲಸ ಮಾಡುವ ಸ್ಕೂಲಿನಲ್ಲಿ ರಜೆ ಸಿಗುವುದು ಕಷ್ಟವೆಂದು ಗೊತ್ತು, ಆದರೂ ಕೇಳುತ್ತಿದ್ದೇನೆ.

ಮಕ್ಕಳಿಗೆ ನನ್ನ ಆಶೀರ್ವಾದ. ದೊಡ್ಡವಳು ಪರೀಕ್ಷೆ ಚೆನ್ನಾಗಿ ಬರೆಯಲಿ, ಚಿಕ್ಕವನಿಗೆ ಇನ್ನಾದರೂ ಊಟ ಮಾಡುವ ಬುದ್ಧಿ ಬರಲಿ. ನಿಮ್ಮವರಿಗೆ ನಮಸ್ಕಾರ ತಿಳಿಸು. ನೀನು ನೂರು ಕಾಲ ಚೆನ್ನಾಗಿರು.

ಇಂತಿ ನಿನ್ನ
ಅತ್ತಿಗೆ

ತಾ.ಕ.: ಮರೆತಿದ್ದೆ ಎಂದು ಬರೆಯಲಾರೆ, ಮರೆತಿರಲಿಲ್ಲ. ಹೊಸ ಸ್ಕ್ಯಾನಿನಲ್ಲಿ ಎಡಗಡೆಯ ಶ್ವಾಸಕೋಶದಲ್ಲಿ ಒಂದು ಸಣ್ಣ ಚುಕ್ಕೆ ಕಂಡಿದೆ. "ಹಳೇ ಕಲೆ ಇದ್ರೂ ಇರಬಹುದು, ಮೂರು ತಿಂಗಳು ಬಿಟ್ಟು ಇನ್ನೊಂದ್ಸಲ ನೋಡೋಣ" ಎಂದು ಡಾಕ್ಟರು ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಹೇಳಿದರು. ಅವರಿಗೆ ನಾನೇ ಹೇಳುತ್ತೇನೆ ಎಂದು ಡಾಕ್ಟರನ್ನು ತಡೆದೆ, ಕಾರಿನಲ್ಲಿ ಒಳ್ಳೆಯದನ್ನಷ್ಟೇ ಹೇಳಿದೆ. ನಾನು ನಾಟಕವಾಡುತ್ತಿದ್ದೇನೆ ಎಂದು ಅವರು ಅಂದಾಗ ಅದು ಪೂರ್ತಿ ಸುಳ್ಳಾಗಿರಲಿಲ್ಲ, ಪುಟ್ಟಿ. ಚುಕ್ಕೆಯ ವಿಷಯ ಬಿಟ್ಟು ಉಳಿದದ್ದನ್ನು ಹೇಳು ಎಂದು ನಿನ್ನನ್ನು ಕೇಳಬೇಕೆಂದೇ ಈ ಪತ್ರ ಶುರು ಮಾಡಿದ್ದು. ಇಷ್ಟು ಬರೆದ ಮೇಲೆ ಕೇಳಲು ಬಾಯಿ ಬರುತ್ತಿಲ್ಲ. ನೀನು ಒಳಗೆ ಕಾಲಿಟ್ಟ ಕೂಡಲೇ ಡಾಕ್ಟರು ಏನಂದರೆಂದೇ ಅವರು ಕೇಳುತ್ತಾರೆ. ನಿನ್ನ ಬಾಯಿಗೆ ಏನು ಬರುತ್ತದೋ ಹೇಳಿಬಿಡು, ನಾನು ಪಕ್ಕದಲ್ಲೇ ಇರುತ್ತೇನೆ. ಬೈದರೆ ಬೈಸಿಕೊಳ್ಳುತ್ತೇನೆ. ಬೈಯದೆ ಸುಮ್ಮನಿದ್ದುಬಿಟ್ಟರೆ ಏನು ಮಾಡಬೇಕೋ ನನಗೆ ಗೊತ್ತಿಲ್ಲ.